ಕ್ಲಿಪ್ಪಿನ ತುಟಿ

ಜನವರಿ 12, ಭಾನುವಾರ
ಕರೆಂಟು ಹೋಗಿದೆ, ಸಾಣೆ ನಿಂತಿದೆ.

ತಮ್ಮಾ,

ನಿನ್ನ ಮಡಚುವ ಚಾಕು ಈ ಪತ್ರದ ಜೊತೆಗೇ ಬರುತ್ತಿದೆ. ಅಲಗು ನಾನು ಮಾಡಿದ್ದು, ಹಿಡಿ ನಿನ್ನ ಭಾವ ಮಾಡಿದ್ದು, ಕ್ಲಿಪ್ಪು ನಿನ್ನ ಹಟ ಮಾಡಿದ್ದು.

ಮೊನ್ನೆ ಫೋನಿನಲ್ಲಿ ನೀನು ಕ್ಲಿಪ್ಪಿನ ಗುಣಗಾನ ಬಹಳ ಹೊತ್ತು ಮಾಡಿದೆಯಂತೆ. ಇಷ್ಟು ವರ್ಷ ಸಾಣೆಯ ಪಕ್ಕ ನಿಂತ ಕಿವಿ ನನ್ನದು, ಅರ್ಧವೂ ಒಳಗೆ ಇಳಿಯಲಿಲ್ಲ. ಉಳಿದದ್ದನ್ನು ನಿನ್ನ ಭಾವ ಕಿರುಚಿ ಹೇಳಿದರು, ಪಕ್ಕದ ಮನೆಯವರಿಗೂ ಈಗ ನಿನ್ನ ಜೇಬಿನ ವಿಚಾರ ಗೊತ್ತು. ಇನ್ನು ಮುಂದೆ ಏನಿದ್ದರೂ ಬರೆದೇ ತಿಳಿಸು. ಕಣ್ಣು ಇನ್ನೂ ಚೆನ್ನಾಗಿದೆ.

ಕ್ಲಿಪ್ಪು ನನಗೇಕೆ ಆಗದು ಎಂದು ಕೇಳಿದ್ದೀಯಂತೆ. ನಿನ್ನ ಭಾವ ಎರಡು ದಿನ ಕೂತು ಹಿಡಿಯನ್ನು ಅಂಗೈಗೆ ಒಪ್ಪುವಂತೆ ಉಜ್ಜುತ್ತಾರೆ. ಅದರ ಮೇಲೆ ನಾನೊಂದು ಉಕ್ಕಿನ ಪಟ್ಟಿಯನ್ನು ತಿರುಪು ಹಾಕಿ ಕೂರಿಸಬೇಕು. ಒತ್ತಿ ಕೊಯ್ಯುವ ಕೆಲಸ ಬಂದರೆ ಆ ಪಟ್ಟಿ ಅಂಗೈಯಲ್ಲಿ ಗೆರೆ ಮೂಡಿಸುತ್ತದೆ. ಜೇಬಿನ ಹೊಲಿಗೆ ತಿನ್ನುತ್ತದೆ. ಕುರ್ಚಿಯ ತೋಳಿಗೆ ಗೀರು ಹಾಕುತ್ತದೆ. ಚಾಕುವಿನ ತಲೆ ಜೇಬಿನಾಚೆ ಇಣುಕಿ, ಬಸ್ಸಿನಲ್ಲಿ ಎದುರು ಕೂತವರು ನಿನ್ನನ್ನು ರೌಡಿ ಎಂದುಕೊಳ್ಳುತ್ತಾರೆ. ಅದೊಂದಕ್ಕೆ ಪರಿಹಾರ ಮಾಡಿದ್ದೇನೆ. ಪಟ್ಟಿಯನ್ನು ಹಿಡಿಯ ತುದಿಯಲ್ಲೇ ಬಗ್ಗಿಸಿದ್ದೇನೆ, ಚಾಕು ಪೂರ್ತಿ ಒಳಗೆ ಇಳಿಯುತ್ತದೆ, ಹೊರಗೆ ಕಾಣುವುದು ಪೆನ್ನಿನ ಕ್ಲಿಪ್ಪಿನಷ್ಟು ಮಾತ್ರ.

ಇದೆಲ್ಲಕ್ಕಿಂತ ನನಗೆ ಆಗದ್ದು ಬೇರೆಯೇ. ಜೇಬಿನ ತಳದಲ್ಲಿರುವ ಚಾಕು ತನ್ನನ್ನು ನೆನಪಿಸುತ್ತಲೇ ಇರುತ್ತದೆ. ತೊಡೆಗೆ ತಾಗುತ್ತದೆ, ಬೀಗದ ಕೈಗೆ ಬಡಿದು ಸದ್ದು ಮಾಡುತ್ತದೆ. ಕ್ಲಿಪ್ಪಿನಲ್ಲಿ ತೂಗುವ ಚಾಕು ಇದೆಯೆಂಬುದೇ ಮರೆತುಹೋಗುತ್ತದೆ. ಹರಿತವಾದ ವಸ್ತುವನ್ನು ಮರೆಯುವಂತೆ ಮಾಡುವುದು ಒಳ್ಳೆಯ ಕೆಲಸಗಾರಿಕೆ ಎಂದು ನನಗೆ ಅನ್ನಿಸುವುದಿಲ್ಲ.

ಬಳಸಿ ನೋಡಿ ಬರೆ. ಹೊಗಳಲೇಬೇಕೆಂದಿಲ್ಲ.

ಅಕ್ಕ


ಜನವರಿ 24, ಶುಕ್ರವಾರ
ರಂಗಮಂದಿರದ ಹಿಂದಿನ ಕೋಣೆ, ಊಟದ ಬಿಡುವು.

ಅಕ್ಕ,

ಹೊಗಳುತ್ತೇನೆ, ತಡೆಯಬೇಡ.

ನನ್ನ ಕೆಲಸ ನೀನು ನೋಡಿಲ್ಲ. ಒಂದು ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ. ಹಗ್ಗ, ಪರದೆಯ ಮೂಲೆ, ಬಣ್ಣ ಆರದ ಹಲಗೆ. ಉಳಿದ ಕೈಯಿಂದ ಜೇಬಿನ ಆಳಕ್ಕೆ ಇಳಿದು ಚಿಲ್ಲರೆ, ಕರ್ಚೀಫು, ಬೀಗದ ಕೈ ಇವುಗಳ ನಡುವೆ ಚಾಕು ತಡಕುವಷ್ಟರಲ್ಲಿ ಹಿಡಿದದ್ದು ಜಾರಿರುತ್ತದೆ. ಈಗ ಹೆಬ್ಬೆರಳು ಜೇಬಿನ ಅಂಚಿಗೆ ಹೋದರೆ ಸಾಕು, ಚಾಕು ಕೈಯಲ್ಲಿರುತ್ತದೆ. ಪ್ರತಿಸಲವೂ ಅದೇ ಜಾಗ, ಅದೇ ದಿಕ್ಕು. ಕೂತಾಗ ತೊಡೆಯ ಕೆಳಗೆ ಅಡ್ಡ ಬಂದು ಚುಚ್ಚುವುದಿಲ್ಲ. ಅಂಗೈಯ ಗೆರೆ ನಿಜ, ಆದರೆ ನಾನು ದಿನವಿಡೀ ಕೊಯ್ಯುವುದಿಲ್ಲವಲ್ಲ. ಒಂದು ಪಟ್ಟಿ, ಒಂದು ಗಂಟು, ಅಷ್ಟೇ.

ಮೇಲಿನ ಅಟ್ಟಕ್ಕೆ ಮಾತ್ರ ಅದನ್ನು ಒಯ್ಯುವಂತಿಲ್ಲ. ರಂಗದ ಮೇಲೆ ಮೂರು ಮಹಡಿ ಎತ್ತರದಲ್ಲಿ ರಾಟೆಗಳೂ ಹಗ್ಗಗಳೂ ಇರುವ ಅಟ್ಟವಿದೆ, ಪರದೆಗಳನ್ನು ನಾವು ಅಲ್ಲಿಂದ ಏರಿಸಿ ಇಳಿಸುತ್ತೇವೆ. ಕೆಳಗೆ ಜನ ಓಡಾಡುತ್ತಿರುತ್ತಾರೆ. ಅಲ್ಲಿಂದ ಒಂದು ನಾಣ್ಯ ಬಿದ್ದರೂ ತಲೆ ಒಡೆಯುತ್ತದೆ. ಹಾಗಾಗಿ ಹತ್ತುವ ಮುಂಚೆ ಏಣಿಯ ಬುಡದಲ್ಲಿರುವ ತಗಡಿನ ತಟ್ಟೆಗೆ ಎಲ್ಲವನ್ನೂ ಹಾಕಬೇಕು, ಆಮೇಲೆ ಕಡ್ಡಿಯಣ್ಣ ನಮ್ಮ ಜೇಬು ತಟ್ಟಿ ನೋಡುತ್ತಾರೆ. ಅವರು ಹಿರಿಯ ಬಡಗಿ, ಬಾಗಿಲಿನಷ್ಟು ಅಗಲದ ಮನುಷ್ಯ, ಅದಕ್ಕೇ ಕಡ್ಡಿ ಎಂಬ ಹೆಸರು. ಏಣಿಯ ಬುಡ ಅವರ ಸಾಮ್ರಾಜ್ಯ.

"ಏನಪ್ಪಾ, ಜೇಬಲ್ಲಿ ಏನೂ ಇಲ್ವಾ?"

"ಇಲ್ಲ ಕಡ್ಡಿಯಣ್ಣ."

"ಸಂಬಳ ಬಂದು ವಾರ ಆಯ್ತಲ್ಲ, ಇರೋದಾದ್ರೂ ಹೇಗೆ? ಹೋಗು, ಹತ್ತು."

ದಿನಾ ಇದೇ ಮಾತು, ದಿನಾ ನಗು ಬರುತ್ತದೆ.

ಒಂದೇ ದೂರು. ಕ್ಲಿಪ್ಪು ಬಹಳ ಬಿಗಿ, ಪ್ಯಾಂಟಿನ ಜೇಬಿನಂಚು ಆಗಲೇ ನೂಲು ಬಿಟ್ಟಿದೆ. ನನ್ನವಳು ಎರಡು ಸಲ ಹೊಲಿದಳು. ಮೂರನೆಯ ಸಲ, "ಚಾಕು ಮಾಡಿದೋರಿಗೇ ಪ್ಯಾಂಟೂ ಕಳಿಸಿಬಿಡಿ, ಹೊಲಿದೇ ಕೊಡ್ಲಿ" ಎಂದಳು. ನಿನಗೆ ನಮಸ್ಕಾರವನ್ನೂ ಹೇಳಿದ್ದಾಳೆ, ಅದೇ ಉಸಿರಿನಲ್ಲಿ.

ತಮ್ಮ


ಫೆಬ್ರವರಿ 2, ಭಾನುವಾರ
ಬೆಂಚಿನ ಮೇಲೆ ಬರೆಯುತ್ತಿದ್ದೇನೆ, ಕಾಗದಕ್ಕೆ ಎಣ್ಣೆ ಹತ್ತಿದರೆ ಕ್ಷಮಿಸು.

ತಮ್ಮಾ,

ಪ್ಯಾಂಟು ಬೇಡ, ಚಾಕು ಕಳಿಸು.

ಕ್ಲಿಪ್ಪಿನ ತುದಿಯನ್ನು ನಾವು ತುಟಿ ಎನ್ನುತ್ತೇವೆ. ನಿನ್ನದರ ತುಟಿ ಹಿಡಿಗೆ ಅಂಟಿಕೊಂಡ ಹಾಗಿದೆ, ಬಟ್ಟೆಯನ್ನು ಕಚ್ಚುತ್ತದೆ. ಅದನ್ನು ಒಂದು ಉಗುರಿನ ದಪ್ಪದಷ್ಟು ಮೇಲೆತ್ತಿ, ಒಳಗಿನ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತೇನೆ. ಆಗ ಜೇಬಿಗೆ ನೋವಾಗದು. ನೀನೇ ಸ್ಕ್ರೂಡ್ರೈವರ್ ತೂರಿಸಿ ಎತ್ತಲು ಹೋಗಬೇಡ. ನಿನ್ನ ಕೈಯ ಗುಣ ನನಗೆ ಗೊತ್ತು, ಅಪ್ಪನ ರೇಡಿಯೋ ರಿಪೇರಿ ಮಾಡಿದವನು ನೀನು.

ಆದರೆ ಮೊದಲೇ ಹೇಳಿರುತ್ತೇನೆ. ತುಟಿ ಎದ್ದಷ್ಟೂ ಬಟ್ಟೆ ಸಲೀಸಾಗಿ ಒಳಗೆ ಹೋಗುತ್ತದೆ, ಬಟ್ಟೆಯಲ್ಲದ್ದೂ ಹೋಗುತ್ತದೆ. ಚೀಲದ ಪಟ್ಟಿ, ಬಾಗಿಲ ಚಿಲಕ, ಏನು ಬೇಕಾದರೂ ಅದರ ಬಾಯಿಗೆ ಸಿಕ್ಕಿ ಚಾಕುವನ್ನು ಎಳೆದುಕೊಂಡು ಹೋಗಬಹುದು. ಬಿಗಿ ಇದ್ದರೆ ಜೇಬು ಹಾಳು, ಸಡಿಲವಿದ್ದರೆ ಚಾಕು ಹಾಳು. ಎರಡರ ನಡುವೆ ಸರಿಯಾದ ಜಾಗ ಎಲ್ಲಿದೆ ಎಂದು ನನಗಿನ್ನೂ ತಿಳಿದಿಲ್ಲ.

ಅಟ್ಟ ಹತ್ತುವಾಗ ಚಾಕುವನ್ನು ತಟ್ಟೆಯಲ್ಲೇ ಇಡುತ್ತೀಯಲ್ಲ? ಗೊತ್ತಿದ್ದೂ ಕೇಳುತ್ತಿದ್ದೇನೆ.

ಅಕ್ಕ


ಫೆಬ್ರವರಿ 21, ಶುಕ್ರವಾರ
ಮನೆಯಲ್ಲಿ. ಇವತ್ತು ನಾಟಕವಿಲ್ಲ.

ಅಕ್ಕ,

ಚಾಕು ಸೋಮವಾರ ತಲುಪಿತು. ಈಗ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ನನ್ನವಳು ಹೊಲಿಗೆಯ ಡಬ್ಬಿ ಮುಚ್ಚಿಟ್ಟು, "ನಿಮ್ಮಕ್ಕ ಗೆದ್ದರು" ಎಂದಳು. ಪ್ಯಾಂಟಿನ ಗಲಾಟೆ ಮುಗಿಯಿತು ಎಂದು ತಿಳಿದುಕೋ.

ಹೊಸ ನಾಟಕಕ್ಕೆ ಏಳು ಪರದೆಗಳಂತೆ. ನಿರ್ದೇಶಕರಿಗೆ ಒಂದೊಂದು ದೃಶ್ಯಕ್ಕೂ ಬೇರೆ ಆಕಾಶ ಬೇಕು. ದಿನದ ಬಹುಪಾಲು ಅಟ್ಟದಲ್ಲೇ ಕಳೆಯುತ್ತೇನೆ. ಮೇಲೆ ಕಂಬಿಗೆ ಕಟ್ಟಿಟ್ಟ ಒಂದು ಚಾಕುವಿದೆ, ಕಂಪನಿಯದು. ಅದನ್ನು ಚಾಕು ಎಂದು ಕರೆದರೆ ನೀನು ಅಳುತ್ತೀಯ. ಮೊಂಡು. ಸಿಕ್ಕಿಕೊಂಡ ಹಗ್ಗ ಬಿಡಿಸಲು ಹೋದರೆ ಅದಕ್ಕೆ ಕಟ್ಟಿದ ದಾರವೇ ಹಗ್ಗಕ್ಕೆ ಸುತ್ತಿಕೊಂಡು ಎರಡು ಕೆಲಸವಾಗುತ್ತದೆ. ಕಡ್ಡಿಯಣ್ಣನಿಗೆ ಹೇಳಿದೆ. "ಅದು ಕುಯ್ಯೋಕಲ್ಲಪ್ಪಾ ಇರೋದು, ಬೀಳದೇ ಇರೋಕೆ" ಎಂದರು.

ಭಾವನ ಮಂಡಿನೋವು ಹೇಗಿದೆ? ಹಿಡಿಯ ಮರ ಯಾವುದೆಂದು ಇಲ್ಲಿ ಎಲ್ಲರೂ ಕೇಳುತ್ತಾರೆ.

ತಮ್ಮ


ಮಾರ್ಚ್ 9, ಭಾನುವಾರ
ಕೆಲಸ ಹೆಚ್ಚಿದೆ, ಬೇಗ ಮುಗಿಸುತ್ತೇನೆ.

ತಮ್ಮಾ,

ನಿನ್ನ ಕ್ಲಿಪ್ಪು ನನ್ನ ಮಾನ ಕಳೆಯಿತು. ನಿನ್ನದನ್ನು ರಿಪೇರಿ ಮಾಡುವಾಗ ಅದೇ ಅಳತೆಯಲ್ಲಿ ಇನ್ನೊಂದು ಮಾಡಿಟ್ಟಿದ್ದೆ. ಪೇಟೆಯ ಅಂಗಡಿಯವನು ಬಂದು ಅದನ್ನೇ ಎತ್ತಿಕೊಂಡ. ಜೇಬಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ, ಹುಡುಗಾಟದ ಹಾಗೆ ಹತ್ತು ಸಲ ಮಾಡಿ, "ಇದೇ ಬೇಕು, ಒಂದು ಪೆಟ್ಟಿಗೆ ತುಂಬ ಬೇಕು" ಎಂದ. ನಿನ್ನ ಭಾವ ನನ್ನ ಮುಖ ನೋಡಿ ನಕ್ಕರು. "ಕ್ಲಿಪ್ಪು ಅಂದ್ರೆ ಮೈ ಉರೀತಿತ್ತು ಯಾರಿಗೋ" ಎಂದರು. ನನಗೆ ಕೇಳಿಸದ ಹಾಗೆ ಹೇಳಬೇಕೆಂದಿದ್ದರೆ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ.

ಹೊಗಳಿಕೆ ಯಾರಿಗೆ ಬೇಡ? ಒಪ್ಪಿಕೊಂಡೆ. ಅದೇ ಎತ್ತಿದ ತುಟಿ, ಅದೇ ಆಳ.

ತಟ್ಟೆಯ ವಿಷಯ ಕೇಳಿದ್ದೆ, ನೀನು ಉತ್ತರ ಬರೆಯಲಿಲ್ಲ. ಏಳು ಆಕಾಶಗಳ ನಡುವೆ ಮರೆತಿರಬೇಕು. ಮಂಡಿನೋವು ಹಾಗೇ ಇದೆ. ಮರ ಹಲಸಿನದು ಎಂದು ಹೇಳು.

ಅಕ್ಕ


ಏಪ್ರಿಲ್ 3, ಗುರುವಾರ
ಮನೆಯಲ್ಲಿ.

ಅಕ್ಕ,

ಒಂದು ಅನಾಹುತವಾಯಿತು. ನನಗೇನೂ ಆಗಿಲ್ಲ.

ಕಳೆದ ಶುಕ್ರವಾರ ತಾಲೀಮಿನ ಮಧ್ಯೆ ಮೂರನೆಯ ಪರದೆ ಅರ್ಧಕ್ಕೆ ನಿಂತಿತು. ನಾನು ಕಂಬಿಯ ಮೇಲೆ ಬಗ್ಗಿ ಹಗ್ಗ ಬಿಡಿಸುತ್ತಿದ್ದೆ. ನನ್ನ ಚಾಕು ಕೆಳಗೆ ಬಿತ್ತು. ಮಡಚಿಯೇ ಇತ್ತು. ಕಡ್ಡಿಯಣ್ಣ ಪರದೆಯ ಕೆಳಗಿನ ಕೋಲನ್ನು ಹಿಡಿಯಲು ಬಂದಿದ್ದರು. ಬಲಗಡೆಯ ಹೆಗಲಿಗೆ ಬಡಿಯಿತು. ಹೆಗಲಿನ ಮುಂದಿನ ಎಲುಬು, ಕಾಲರ್ ಬೋನ್, ಮುರಿದಿದೆ. ತಲೆಗೆ ಬಡಿದಿದ್ದರೆ ಏನಾಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ, ನನ್ನೆದುರೇ ಹೇಳುತ್ತಾರೆ.

ಚಾಕು ಪ್ಯಾಂಟಿನ ಜೇಬಿನ ಅಂಚಿನಲ್ಲಿತ್ತು. ಹತ್ತುವಾಗ ತಟ್ಟೆಗೆ ಹಾಕಲು ಮರೆತಿದ್ದೆ. ನೀನೇ ಬರೆದಿದ್ದೆಯಲ್ಲ, ಕ್ಲಿಪ್ಪಿನಲ್ಲಿ ತೂಗುವ ಚಾಕು ಇದೆಯೆಂಬುದೇ ಮರೆತುಹೋಗುತ್ತದೆ ಎಂದು. ಹಾಗೇ ಆಯಿತು. ಕಡ್ಡಿಯಣ್ಣ ಜೇಬಿನ ತಳವನ್ನು ತಟ್ಟಿರಬೇಕು, ಅದು ಮೇಲೆ ತೂಗುತ್ತಿತ್ತು.

ಮ್ಯಾನೇಜರ್ ಎಲ್ಲರನ್ನೂ ಕರೆದು ಕೇಳಿದರು. "ಕಡ್ಡಿಯಣ್ಣ ನಿನ್ನನ್ನ ಚೆಕ್ ಮಾಡಿದ್ರಾ ಇಲ್ವಾ?" ಎಂದು ನನ್ನನ್ನು ಕೇಳಿದರು. ಮಾಡಿದರು ಎಂದೆ. ಅದು ನಿಜ. ಆ ಒಂದು ಮಾತಿನಿಂದ ತಪ್ಪೆಲ್ಲ ಅವರ ಕಡೆಗೆ ಹೋಯಿತು. ನನಗೆ ಹದಿನೈದು ದಿನ ಮೇಲೆ ಹತ್ತಬಾರದು ಎಂದಿದ್ದಾರೆ, ಅಷ್ಟೇ.

ಬೇರೇನೂ ಬರೆಯಲಾಗುತ್ತಿಲ್ಲ.

ತಮ್ಮ


ಏಪ್ರಿಲ್ 8, ಮಂಗಳವಾರ
ಪತ್ರ ಈಗಷ್ಟೇ ಬಂತು, ಸಾಣೆ ನಿಲ್ಲಿಸಿದೆ.

ತಮ್ಮಾ,

ನಿನ್ನ ಭಾವನಿಗೆ ಓದಿ ಹೇಳಿದೆ.

ನೀನು ಮರೆತೆ ಎಂದು ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಮರೆಯುವ ಹಾಗೆ ಮಾಡಿಕೊಟ್ಟವಳು ನಾನು. ಬೇಡವೆಂದು ಬರೆದು, ಮತ್ತೆ ಮಾಡಿದೆ. ಕಚ್ಚುತ್ತದೆ ಎಂದಾಗ ತುಟಿ ಎತ್ತಿದೆ. ಏನೇನು ಒಳಗೆ ಹೋಗಬಹುದು ಎಂದು ಬರೆದವಳಿಗೆ ಹಗ್ಗ ಹೊಳೆಯಲಿಲ್ಲ. ನನ್ನ ತಮ್ಮ ದಿನವಿಡೀ ಹಿಡಿಯುವುದು ಹಗ್ಗ, ಅದೊಂದೇ ಹೊಳೆಯಲಿಲ್ಲ.

ಕಡ್ಡಿಯಣ್ಣ ಹೇಗಿದ್ದಾರೆ? ಕೈ ಮೇಲೆತ್ತಲು ಬರುತ್ತದೆಯೇ? ಬಡಗಿಯ ಬಲಗೈ ಅದು. ಅವರನ್ನು ನೋಡಲು ಹೋಗಿದ್ದೆಯಾ? ಹೋಗು. ನೀನು ಬರೆದ ಪತ್ರದಲ್ಲಿ ಅವರ ಮನೆಗೆ ಹೋದದ್ದು ಇಲ್ಲ.

ಚಾಕು ನಿನ್ನ ಹತ್ತಿರವೇ ಇದ್ದರೆ ಕಳಿಸು. ಹೇಗೆ ಜಾರಿತೆಂದು ನಾನು ನೋಡಬೇಕು. ಅಂಗಡಿಯವನಿಗೆ ಮಾಡಿದವು ಇನ್ನೂ ಇಲ್ಲೇ ಇವೆ, ತಡೆಹಿಡಿದಿದ್ದೇನೆ.

ಅಕ್ಕ


ಏಪ್ರಿಲ್ 17, ಗುರುವಾರ
ಮನೆಯಲ್ಲಿ. ಚಾಕುವಿನ ಪೊಟ್ಟಣದೊಳಗೇ ಈ ಪತ್ರ ಇಡುತ್ತಿದ್ದೇನೆ.

ಅಕ್ಕ,

ಹೋಗಿದ್ದೆ. ಹೋಗದಿದ್ದರೇ ಚೆನ್ನಾಗಿತ್ತು.

ಕಡ್ಡಿಯಣ್ಣ ಬಲಗೈಯನ್ನು ಎದೆಗೆ ಕಟ್ಟಿಕೊಂಡು ಕಿಟಕಿಯ ಬಳಿ ನಿಂತಿದ್ದರು. ನನ್ನನ್ನು ನೋಡಿದ್ದೇ, "ಬಂದ್ಯಾ, ಬಾ ಬಾ, ಇಲ್ಲಿ ನಿಂತ್ಕೋ" ಎಂದರು. ಮೇಜಿನ ಮೇಲಿದ್ದ ಒಂದು ಪೆನ್ನು ತೆಗೆದು ನನ್ನ ಜೇಬಿನ ಅಂಚಿಗೆ ಸಿಕ್ಕಿಸಿದರು. ಕಣ್ಣು ಮುಚ್ಚಿ ಎಡಗೈಯಿಂದ ನನ್ನ ಜೇಬು ತಟ್ಟಿದರು.

"ಸಿಕ್ತು ನೋಡು. ಎಡಗೈಲೇ ಸಿಗುತ್ತೆ. ಅವತ್ತು ಬಲಗೈಗೆ ಹೆಂಗೆ ಸಿಗಲಿಲ್ಲ?"

ಮತ್ತೊಂದು ಸಲ ಸಿಕ್ಕಿಸಿದರು, ಮತ್ತೆ ತಟ್ಟಿದರು. ಅವರ ಹೆಂಡತಿ ಒಳಗಿನಿಂದ, "ಬಂದವರಿಗೆಲ್ಲಾ ಇದೇ ಆಗಿದೆ ನೋಡಪ್ಪಾ. ನಿನ್ನೆ ಪೋಸ್ಟಿನವನ ಜೇಬು ತಟ್ಟಿದ್ರು, ಅವನು ಹೆದರಿ ಓಡಿದ" ಎಂದರು. ನಗಬೇಕಾದ ಮಾತು. ಕಡ್ಡಿಯಣ್ಣ ನಗಲಿಲ್ಲ.

"ವಯಸ್ಸಾಯ್ತೇನೋ. ಕೈಗೆ ಸ್ಪರ್ಶ ಹೋಗಿದೆಯೇನೋ" ಎಂದರು. ಆಮೇಲೆ ನನ್ನ ಹೆಗಲು ಹಿಡಿದು, "ನಿನಗೂ ಕೆಟ್ಟ ಹೆಸರು ತಂದೆ ಕಣಪ್ಪಾ. ನಾನು ಸರಿಯಾಗಿ ನೋಡಿದ್ರೆ ನೀನು ಈ ಪಾಡು ಪಡ್ತಿರಲಿಲ್ಲ" ಎಂದರು. ನನ್ನ ಹತ್ತಿರ ಕ್ಷಮೆ ಕೇಳಿದರು, ಅಕ್ಕ.

ಮೂಳೆ ಕೂಡುತ್ತದಂತೆ. ಆದರೆ ಮೇ ಐದನೇ ತಾರೀಕಿನಿಂದ ಅವರನ್ನು ಹೊರಗಿನ ಕೌಂಟರಿಗೆ ಹಾಕುತ್ತಾರೆ, ಪ್ರೇಕ್ಷಕರ ಚೀಲ ಇಟ್ಟುಕೊಳ್ಳುವಲ್ಲಿಗೆ. ಕೈ ಸರಿಹೋದ ಮೇಲೂ ಒಳಗೆ ಬರುವಂತಿಲ್ಲ. ನೋಡುವ ಕೆಲಸ ನೋಡದವರಿಗೆ ರಂಗದ ಮೇಲೆ ಜಾಗವಿಲ್ಲ ಎಂದು ಮ್ಯಾನೇಜರ್ ಹೇಳಿದ್ದಾರೆ. ಅಲ್ಲಿನ ಪ್ರತಿ ಹಲಗೆಯೂ ಕಡ್ಡಿಯಣ್ಣ ಹೊಡೆದ ಮೊಳೆಯ ಮೇಲೆ ನಿಂತಿದೆ.

ಒಂದು ದಾರಿಯಿದೆ. ನೀನು ತಯಾರಿಸಿದವಳಾಗಿ ಒಂದು ಪತ್ರ ಬರೆದುಕೊಟ್ಟರೆ ಆಗುತ್ತದೆ. ಈ ಕ್ಲಿಪ್ಪು ಚಾಕುವನ್ನು ಎಷ್ಟು ಆಳಕ್ಕೆ ಇಳಿಸುತ್ತದೆ ಎಂದರೆ, ಯಾರು ಜೇಬು ತಟ್ಟಿದರೂ ಕೈಗೆ ಸಿಗುವುದಿಲ್ಲ ಎಂದು ಬರೆ. ಮಾಡಿದವರೇ ಹೇಳಿದರೆ ಮ್ಯಾನೇಜರ್ ಒಪ್ಪುತ್ತಾರೆ. ಕಡ್ಡಿಯಣ್ಣನ ಮೇಲಿನ ಮಾತು ಹೋಗುತ್ತದೆ. ನಿನ್ನ ಹೆಸರಿಗೆ ಸ್ವಲ್ಪ ಮಸಿ ಬೀಳಬಹುದು, ಅಂಗಡಿಯವನು ಕೇಳಿದರೆ ಏನಾದರೂ ಹೇಳಬಹುದು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ತಮ್ಮ


ಏಪ್ರಿಲ್ 26, ಶನಿವಾರ
ಬೆಂಚು, ಬೆಳಗಿನ ಬೆಳಕು. ಚಾಕು ಎದುರಿಗಿದೆ.

ತಮ್ಮಾ,

ನೀನು ಕೇಳಿದ ಪತ್ರ ಬರೆದಿದ್ದೇನೆ. ನಾಲ್ಕು ಸಾಲು. ಲಕೋಟೆಯಲ್ಲಿದೆ, ಅಂಟಿಸಿಲ್ಲ.

ಬರೆಯುವ ಮುಂಚೆ ಪರೀಕ್ಷೆ ಮಾಡಿದೆ. ಚಾಕುವನ್ನು ನಿನ್ನ ಭಾವನ ಜೇಬಿನಂಚಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ತಟ್ಟಿದೆ. ತಳಕ್ಕೆ ತಟ್ಟಿದೆ, ಪಕ್ಕಕ್ಕೆ ತಟ್ಟಿದೆ. "ಇನ್ನೆಷ್ಟು ಹೊಡೀತೀಯೇ, ನಾನೇನು ಕಂಬಳೀನಾ?" ಎಂದರು. ಪ್ರತಿಸಲವೂ ಸಿಕ್ಕಿತು. ಇಷ್ಟುದ್ದದ ಉಕ್ಕು ಅದು. ಅಂಗೈ ಇದ್ದವರಿಗೆ ಸಿಗದೇ ಇರುವುದಿಲ್ಲ.

ಆಮೇಲೆ ಕ್ಲಿಪ್ಪಿನ ತಿರುಪು ಬಿಚ್ಚಿದೆ. ಪಟ್ಟಿ ನಾನು ಕಳಿಸಿದ್ದಕ್ಕಿಂತ ಎರಡರಷ್ಟು ತೆರೆದುಕೊಂಡಿದೆ. ಬಿದ್ದ ಪೆಟ್ಟಿಗೆ ಹೀಗಾಗದು, ಪೆಟ್ಟು ಹಿಡಿಯ ಹಿಂಬದಿಗೆ ಬಿದ್ದಿದೆ, ಗುರುತಿದೆ. ದಪ್ಪವಾದ ಏನನ್ನೋ ವಾರಗಟ್ಟಲೆ ಕಚ್ಚಿಕೊಂಡಿದ್ದರೆ ಮಾತ್ರ ಪಟ್ಟಿ ಹೀಗೆ ಸೋಲುತ್ತದೆ. ಪ್ಯಾಂಟಿನ ಬಟ್ಟೆಗೆ ಅಷ್ಟು ದಪ್ಪವಿಲ್ಲ. ಪಟ್ಟಿಯ ಅಡಿಯಲ್ಲಿ, ತಿರುಪಿನ ಸುತ್ತ, ನೀಲಿ ನೂಲಿನ ಎಳೆಗಳು ಸೇರಿಕೊಂಡಿವೆ. ಬಟ್ಟೆಯದಲ್ಲ, ನೇಯ್ದ ಗಟ್ಟಿ ಪಟ್ಟಿಯದು. ಎತ್ತರದಲ್ಲಿ ಕೆಲಸ ಮಾಡುವವರು ಸೊಂಟಕ್ಕೆ ಬಿಗಿಯುವ ಬೆಲ್ಟು ಅಂಥದ್ದರಲ್ಲಿ ಮಾಡಿರುತ್ತಾರೆ ಎಂದು ನಿನ್ನ ಭಾವ ಹೇಳಿದರು. ನಿನ್ನದು ಯಾವ ಬಣ್ಣವೆಂದು ನಾನು ಕೇಳುವುದಿಲ್ಲ.

ಫೆಬ್ರವರಿಯಿಂದ ಈಚೆಗೆ ನಿನ್ನ ಹೆಂಡತಿ ಪ್ಯಾಂಟಿನ ಬಗ್ಗೆ ದೂರಲಿಲ್ಲ. ನಾನು ತುಟಿ ಎತ್ತಿದ್ದರಿಂದ ಎಂದು ಉಬ್ಬಿದ್ದೆ.

ಮರೆವಿನ ಬಗ್ಗೆ ನೀನು ಬರೆದ ವಾಕ್ಯ ನನ್ನದು. ನನ್ನ ಮೊದಲ ಪತ್ರದಿಂದ ತೆಗೆದು ನನಗೇ ಕಳಿಸಿದೆ. ಅದನ್ನು ಓದಿ ಎಷ್ಟು ದಿನ ನನ್ನನ್ನು ನಾನೇ ಬೈದುಕೊಂಡೆ ಎಂದು ಬರೆಯುವುದಿಲ್ಲ, ಏಕೆಂದರೆ ಬೈದುಕೊಂಡದ್ದರಲ್ಲಿ ಅರ್ಧ ಸರಿಯೇ. ಹಗ್ಗ ಹೊಕ್ಕದ್ದು ನಾನು ಎತ್ತಿದ ತುಟಿಯೊಳಗೆ. ಎಲ್ಲಿ ಸಿಕ್ಕಿಸಿದ್ದರೂ ಅದು ಹೊಗುತ್ತಿತ್ತು. ಅಂಗಡಿಯವನ ಚಾಕುಗಳ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೇನೆ. ಕ್ಲಿಪ್ಪಿಲ್ಲದೆ ಬೇಕಿದ್ದರೆ ಒಯ್ಯಲಿ ಎಂದು ಹೇಳಿಕಳಿಸಿದೆ. ಬೇಡವೆಂದ. ಆ ಪಾಲು ನನ್ನದು, ಅದನ್ನು ನಿನಗೆ ಕೊಡುವುದಿಲ್ಲ.

ಲಕೋಟೆಯ ವಿಷಯ. ಅದರಲ್ಲಿರುವುದು ಸುಳ್ಳೆಂದು ಗೊತ್ತಿದ್ದೇ ಬರೆದೆ. ನೀನು ಚಿಕ್ಕವನಿದ್ದಾಗ ನಿನಗಾಗಿ ಸುಳ್ಳು ಹೇಳಿ ಅಭ್ಯಾಸವಿದೆ. ಅದು ಅಂಚೆಗೆ ಹೋದರೆ ಕಡ್ಡಿಯಣ್ಣ ಏಣಿಯ ಬುಡಕ್ಕೆ ವಾಪಸಾಗಬಹುದು. ತನ್ನ ಕೈ ಮೋಸಹೋಯಿತು ಎಂಬುದು ಮಾತ್ರ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಮುಂದೆ ಯಾರ ಜೇಬು ತಟ್ಟಿದರೂ ಆ ಮನುಷ್ಯ ತನ್ನ ಅಂಗೈಯನ್ನು ನಂಬುವುದಿಲ್ಲ.

ನೀನು ಒಂದು ಸಾಲು ಬರೆ. "ಚಾಕು ಜೇಬಿನಲ್ಲಿತ್ತು, ಮರೆತಿದ್ದೆ" ಎಂದು ಇನ್ನೊಂದು ಸಲ, ನಿನ್ನ ಮಾತಿನಲ್ಲಿ ಬರೆ. ಆ ಸಾಲು ತಲುಪಿದ ದಿನ ಲಕೋಟೆ ಅಂಟಿಸಿ ಹಾಕುತ್ತೇನೆ, ಇನ್ನೆಂದೂ ಈ ಮಾತು ಎತ್ತುವುದಿಲ್ಲ.

ಅಕ್ಕ


ಮೇ 3, ಶನಿವಾರ
ಮನೆಯಲ್ಲಿ. ನನ್ನವಳು ಸಂತೆಗೆ ಹೋಗಿದ್ದಾಳೆ.

ಅಕ್ಕ,

ಆ ಸಾಲು ಬರೆಯಲು ಮಂಗಳವಾರದಿಂದ ಕೂರುತ್ತಿದ್ದೇನೆ. ಮೂರೇ ಪದ. ಎರಡು ಸಲ ಬರೆದೆ. ಓದಿ ನೋಡಿದರೆ ನಿನ್ನ ಅಕ್ಷರದಲ್ಲಿ ಬರೆದ ಹಾಗಿತ್ತು, ಹರಿದೆ.

ಬೆಲ್ಟು ನೀಲಿಯದೇ.

ಅದನ್ನು ನಾವು ಕೆಳಗೆ ತರುವುದಿಲ್ಲ. ಏಣಿ ಹತ್ತಿ ಅಟ್ಟದ ಬಾಗಿಲಿಗೆ ಬಂದರೆ ಅಲ್ಲೊಂದು ಗೂಟವಿದೆ, ಬೆಲ್ಟು ಅಲ್ಲೇ ತೂಗುತ್ತದೆ. ನೀನು ರಿಪೇರಿ ಮಾಡಿ ಕಳಿಸಿದ ವಾರ, ಕಡ್ಡಿಯಣ್ಣ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಚಾಕುವನ್ನು ಮೇಲಕ್ಕೆ ಒಯ್ದು ಬೆಲ್ಟಿನ ಒಳಬದಿಗೆ ಸಿಕ್ಕಿಸಿದೆ. ಕಂಪನಿಯ ಮೊಂಡು ಚಾಕು ಸಾಕಾಗಿತ್ತು. ಒಂದು ದಿನಕ್ಕೆ ಎಂದುಕೊಂಡೆ. ಆಮೇಲೆ ಅದು ಅಲ್ಲೇ ಉಳಿಯಿತು. ದಿನಾ ಕೆಳಗೆ ನಿಂತು ಖಾಲಿ ಜೇಬು ತಟ್ಟಿಸಿಕೊಂಡು, ಅವರ ಸಂಬಳದ ಜೋಕಿಗೆ ನಕ್ಕು, ಮೇಲೆ ಹೋಗಿ ಚಾಕು ಸಮೇತ ಬೆಲ್ಟು ಬಿಗಿದುಕೊಳ್ಳುತ್ತಿದ್ದೆ. ನೀನು ತಟ್ಟೆಯ ವಿಷಯ ಎರಡು ಸಲ ಕೇಳಿದೆ. ಎರಡೂ ಸಲ ಓದಿದೆ.

ಅವತ್ತು ಬಗ್ಗಿದಾಗ ಹಗ್ಗ ಬೆಲ್ಟನ್ನು ಉಜ್ಜಿಕೊಂಡು ಓಡುತ್ತಿತ್ತು. ಚಾಕು ಕಳಚಿದ್ದು ನನಗೆ ಗೊತ್ತಾಯಿತು. ಕೈ ಹಾಕಿದೆ, ಬೆರಳಿಗೆ ಹಿಡಿಯ ಮರ ತಾಗಿತು, ಸಿಗಲಿಲ್ಲ. ಕೂಗುವಷ್ಟು ಹೊತ್ತಿತ್ತು, ಅಕ್ಕ. ಕೂಗಿದರೆ ಚಾಕು ನನ್ನದೆಂದು ಗೊತ್ತಾಗುತ್ತದೆ ಎಂದು ಯೋಚಿಸುವಷ್ಟು ಹೊತ್ತೂ ಇತ್ತು.

ಕೆಳಗೆ ಓಡಿ ಬಂದಾಗ ಮ್ಯಾನೇಜರ್, "ಎಲ್ಲಿತ್ತು ಇದು?" ಎಂದರು. ನನ್ನ ಕೈ ತಾನಾಗಿ ಹೋಗಿ ಜೇಬನ್ನು ಮುಟ್ಟಿತು. ಎಲ್ಲರೂ ಅದನ್ನೇ ಉತ್ತರ ಎಂದುಕೊಂಡರು. ನೆಲದ ಮೇಲೆ ಮಲಗಿದ್ದ ಕಡ್ಡಿಯಣ್ಣನೂ ನೋಡಿದರು.

ಲಕೋಟೆ ಒಲೆಗೆ ಹಾಕು.

ಮೊದಲು ಮ್ಯಾನೇಜರಿಗೆ ಹೇಳೋಣ ಎಂದುಕೊಂಡಿದ್ದೆ. ಅದು ಸುಲಭ. ಅವರು ಕೂಗಾಡುತ್ತಾರೆ, ಕೆಲಸದಿಂದ ತೆಗೆಯುತ್ತಾರೆ, ಬೆಲ್ಟು ವಾಪಸು ಕೊಟ್ಟು ಬರುತ್ತೇನೆ. ಆದರೆ ಆಗ ಕಡ್ಡಿಯಣ್ಣನಿಗೆ ಯಾರೋ ಹೇಳಿ ತಿಳಿಯುತ್ತದೆ. ಹಾಗಾಗಬಾರದು. ಸೋಮವಾರ ಅವರು ಕೌಂಟರಿಗೆ ಹೋಗಬೇಕು. ಅದಕ್ಕೆ ಮುಂಚೆ, ನಾಳೆ ಬೆಳಿಗ್ಗೆ, ಅವರ ಮನೆಗೆ ಹೋಗಿ ಹೇಳುತ್ತೇನೆ. ಆಮೇಲೆ ಅವರನ್ನೇ ಕರೆದುಕೊಂಡು ಮ್ಯಾನೇಜರ್ ಹತ್ತಿರ ಹೋಗುತ್ತೇನೆ, ಅವರು ನನ್ನ ಜೊತೆ ಬರಲು ಒಪ್ಪಿದರೆ.

ಸಿಟ್ಟಾಗಲಿ, ಎಡಗೈಯಲ್ಲಿ ಬಾರಿಸಲಿ, ಅದಕ್ಕೆ ತಯಾರಿದ್ದೇನೆ. ನನಗೆ ಹೆದರಿಕೆ ಬೇರೆಯದು. "ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?" ಎಂದು ಕೇಳಿ ಅವರು ಸಂತೋಷಪಟ್ಟರೆ, ನಾನು ಆ ಮುಖವನ್ನು ಹೇಗೆ ನೋಡಲಿ?

ನಾಳೆ ಕಡ್ಡಿಯಣ್ಣನ ಮನೆಗೆ ಹೋಗುತ್ತೇನೆಂದು ನನ್ನವಳಿಗೆ ಹೇಳಿದ್ದೇನೆ. ಅವರಿಗೆ ಹಣ್ಣು ತರುತ್ತೇನೆಂದು ಖುಷಿಯಿಂದ ಸಂತೆಗೆ ಹೋದಳು. ಅವಳು ಬಂದ ಮೇಲೆ ಹೇಳಬೇಕು.

ತಮ್ಮ